ಗೋವಾ ಕ್ಯಾಸಿನೊ ಲೈಸೆನ್ಸ್: ಶುಲ್ಕ ದೊಡ್ಡದು, ನಿಯಮ ಸಣ್ಣದು

ಗೋವಾ ಸರ್ಕಾರ 2018ರಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳ ವಾರ್ಷಿಕ ಲೈಸೆನ್ಸ್ ಶುಲ್ಕವನ್ನು ಏರಿಸಿತು. 200 ಜನರವರೆಗೆ ಹಿಡಿಯುವ ಹಡಗಿಗೆ ವರ್ಷಕ್ಕೆ 25 ಕೋಟಿ ರೂಪಾಯಿ. 200ರಿಂದ 400 ಜನ ಹಿಡಿಯುವುದಕ್ಕೆ 30 ಕೋಟಿ. 400ಕ್ಕಿಂತ ಜಾಸ್ತಿ ಆದರೆ 40 ಕೋಟಿ. ಅದಕ್ಕೂ ಮೊದಲು ಶುಲ್ಕ ಇದರ ಅರ್ಧವೂ ಇರಲಿಲ್ಲ. ಪತ್ರಿಕೆಗಳಲ್ಲಿ ಈ ಸುದ್ದಿ ಬಂದಾಗ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಸರ್ಕಾರ ಕೊನೆಗೂ ಕ್ಯಾಸಿನೊಗಳ ಮೇಲೆ ಬಿಗಿ ಮಾಡಿತು ಅಂತ.

ನಾನು ಹುಬ್ಬಳ್ಳಿಯಲ್ಲಿ ತೆರಿಗೆ ಸಲಹೆಗಾರ. ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ಶುಲ್ಕದ ಯಾವ ಪಟ್ಟಿ ಕಂಡರೂ ಮೊದಲು ಭಾಗಾಕಾರ ಮಾಡಿ ನೋಡುವುದು ನನ್ನ ಅಭ್ಯಾಸ. ಇದನ್ನೂ ಮಾಡಿದೆ. 200 ಜನರ ಹಡಗಿಗೆ 25 ಕೋಟಿ ಅಂದರೆ ಒಬ್ಬ ಗಿರಾಕಿಯ ಜಾಗಕ್ಕೆ ವರ್ಷಕ್ಕೆ 12.5 ಲಕ್ಷ. 400 ಜನರದ್ದಕ್ಕೆ 30 ಕೋಟಿ ಅಂದರೆ 7.5 ಲಕ್ಷ. 800 ಜನ ಹಿಡಿಯುವ ಹಡಗು ತಂದರೆ ತಲೆಗೆ 5 ಲಕ್ಷ ಅಷ್ಟೇ. ಹಡಗು ದೊಡ್ಡದಾದಷ್ಟೂ ಶುಲ್ಕದ ಭಾರ ಕಡಿಮೆ. ಸಣ್ಣ ಕ್ಯಾಸಿನೊ ನಡೆಸುವವನಿಗೆ ನಷ್ಟ, ದೊಡ್ಡದು ನಡೆಸುವವನಿಗೆ ಲಾಭ. ಈ ಪಟ್ಟಿ ಜೂಜನ್ನು ಕಡಿಮೆ ಮಾಡು ಅನ್ನುವುದಿಲ್ಲ. ಹಡಗನ್ನು ದೊಡ್ಡದು ಮಾಡು, ಜನರನ್ನು ತುಂಬು ಅನ್ನುತ್ತದೆ.

ಇನ್ನೊಂದು ಲೆಕ್ಕ. 40 ಕೋಟಿಯನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 11 ಲಕ್ಷ. ಮಳೆ ಬರಲಿ, ಸೀಸನ್ ಮುಗಿದಿರಲಿ, ಹಡಗಿನಲ್ಲಿ ಇಪ್ಪತ್ತೇ ಜನ ಇರಲಿ, ಅಷ್ಟು ಹಣ ದಿನಾ ಹುಟ್ಟಲೇಬೇಕು. ಇದರ ಮೇಲೆ ಸಿಬ್ಬಂದಿ ಸಂಬಳ, ಡೀಸೆಲ್, ಊಟ, ಕುಡಿತ, ಹಾಡು ಕುಣಿತ. ಇಷ್ಟನ್ನೂ ಕೊಡುವವರು ಯಾರು? ಮೇಜಿನ ಈಚೆ ಕೂತವರು. ಶುಲ್ಕ ಏರಿಸಿದರೆ ಮಾಲೀಕನಿಗೆ ಬಿಸಿ ಮುಟ್ಟುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಲೆಕ್ಕದ ಪುಸ್ತಕದಲ್ಲಿ ಅದು ಗಿರಾಕಿಯ ಕಡೆಗೇ ಸರಿಯುತ್ತದೆ.

ನನಗೆ ಇದು ದೂರದ ವಿಷಯ ಅಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಿಂದ ಶುಕ್ರವಾರ ಸಂಜೆ ಕಾರು ಹತ್ತಿದರೆ ರಾತ್ರಿ ಊಟದ ಹೊತ್ತಿಗೆಲ್ಲಾ ಪಣಜಿ. ಚೋರ್ಲಾ ಘಾಟ್ ಇಳಿದರೆ ಆಯ್ತು. ನನ್ನ ಗಿರಾಕಿಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಪಣಜಿಯ ಎಟಿಎಂ ಕಾಣಿಸಿದರೆ ನನಗೆ ಗೊತ್ತಾಗುತ್ತದೆ. ಮೊದಲು ಸಣ್ಣ ಮೊತ್ತ, ರಾತ್ರಿ ಎಂಟರ ಸುಮಾರಿಗೆ. ಆಮೇಲೆ ಮಧ್ಯರಾತ್ರಿ ದಾಟಿದ ಮೇಲೆ ಅದೇ ಎಟಿಎಂನಲ್ಲಿ ಮತ್ತೆ ಮತ್ತೆ, ಕಾರ್ಡಿನ ಮಿತಿ ಮುಗಿಯುವವರೆಗೆ. ಬೆಳಿಗ್ಗೆ ಯಾರೋ ಗೆಳೆಯನಿಂದ ಯುಪಿಐನಲ್ಲಿ ಹಣ ಬಂದಿರುತ್ತದೆ. ಅದೂ ಹೋಗಿರುತ್ತದೆ.

ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬ ಹುಡುಗ ವರ್ಷದ ಕೊನೆಗೆ ಲೆಕ್ಕ ತಂದ. ನಾನು ಆ ಸಾಲುಗಳ ಮೇಲೆ ಪೆನ್ಸಿಲ್ ಇಟ್ಟು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ, ಇದನ್ನ ಬಿಸಿನೆಸ್ ಖರ್ಚಿನಾಗ ಹಾಕಾಕ ಬರ್ತೈತೇನ್ರಿ?" ಅಂದ. ಬರುವುದಿಲ್ಲ. ಗೆದ್ದರೆ ಆ ಹಣಕ್ಕೆ ನೇರವಾಗಿ 30 ಪರ್ಸೆಂಟ್ ಆದಾಯ ತೆರಿಗೆ, ಮೇಲೆ ಸೆಸ್. ಸೋತರೆ ಆ ನಷ್ಟವನ್ನು ಅಂಗಡಿಯ ಲಾಭದಿಂದ ಕಳೆಯುವ ಹಾಗಿಲ್ಲ. ಬೇರೆ ದಿನ ಗೆದ್ದ ಹಣದಿಂದಲೂ ಕಳೆಯುವ ಹಾಗಿಲ್ಲ. ಶನಿವಾರ ಒಂದು ಲಕ್ಷ ಗೆದ್ದು ಭಾನುವಾರ ಒಂದು ಲಕ್ಷ ಸೋತವನು ಬರಿಗೈಯಲ್ಲಿ ಊರಿಗೆ ಬಂದರೂ ಶನಿವಾರದ ಲಕ್ಷಕ್ಕೆ ತೆರಿಗೆ ಬಾಕಿ ಇರುತ್ತದೆ. ಇದನ್ನು ಕೇಳಿದಾಗ ಅವನ ಮುಖ ನೋಡಬೇಕಿತ್ತು. ಹಡಗು ಹತ್ತುವ ಮುಂಚೆ ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಕೆಲವು ವಾರದ ಮೇಲೆ ಅವನ ತಾಯಿ ಆಫೀಸಿಗೆ ಬಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಇವನ ಹೆಸರು ಅಲ್ಲಿ ಬರಸಾಕ ಬರ್ತೈತೇನ್ರಿ ಸರ, ಒಳಗ ಬಿಡಬ್ಯಾಡ್ರಿ ಅಂತ?" ತೆರಿಗೆ ಕೆಲಸ ಮಾಡುವವನ ಹತ್ತಿರ ಕೇಳುವ ಪ್ರಶ್ನೆ ಅದಲ್ಲ. ಆದರೆ ಕ್ಯಾಸಿನೊ ಕಾನೂನಿನ ಬಗ್ಗೆ ನಾನು ಇಷ್ಟು ವರ್ಷ ಕೇಳಿದ ಪ್ರಶ್ನೆಗಳಲ್ಲಿ ಅದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ. ಆ ದಿನದಿಂದ ನಾನು ಲೈಸೆನ್ಸ್ ಕಾನೂನುಗಳನ್ನು ಓದಲು ಕೂತೆ.

ಶುರುವಿನಿಂದ ಹೇಳುತ್ತೇನೆ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 34ನೇ ನಮೂದು ಬಾಜಿ ಮತ್ತು ಜೂಜು. ಅಂದರೆ ಜೂಜು ಬೇಕೋ ಬೇಡವೋ ಅಂತ ಪ್ರತಿ ರಾಜ್ಯವೂ ತಾನೇ ತೀರ್ಮಾನಿಸಬಹುದು. ಗೋವಾದ ಕಾನೂನು 1976ರದ್ದು: ಗೋವಾ, ದಮನ್ ಮತ್ತು ದಿಯು ಸಾರ್ವಜನಿಕ ಜೂಜು ಕಾಯ್ದೆ. ಅದು ಜೂಜನ್ನು ತಡೆಯಲು ಮಾಡಿದ ಕಾನೂನು. ಆಮೇಲೆ 1992ರಲ್ಲಿ ಅದರೊಳಗೆ 13ಎ ಅಂತ ಒಂದು ಕಲಮು ಸೇರಿಸಿ ಐದು ನಕ್ಷತ್ರದ ಹೋಟೆಲುಗಳಲ್ಲಿ ಹಣ ಹಾಕಿ ಅದೃಷ್ಟದ ಮೇಲೆ ಆಡುವ ಸ್ಲಾಟ್ ಮೆಷಿನ್‌ಗೆ ಅನುಮತಿ ಕೊಟ್ಟರು. 1996ರಲ್ಲಿ ಅದೇ ಕಲಮಿಗೆ ಹಡಗಿನ ಮೇಲಿನ ಮೇಜಿನ ಆಟಗಳನ್ನೂ ಸೇರಿಸಿದರು. ನಿಷೇಧದ ಕಾನೂನಿನೊಳಗೆ ಒಂದು ಬಾಗಿಲು. ಇವತ್ತಿನ ಇಡೀ ಉದ್ಯಮ ಆ ಬಾಗಿಲಿನಿಂದಲೇ ಬಂದದ್ದು.

ಆ ಕಲಮು ಬಹಳ ಚಿಕ್ಕದು. ಸರ್ಕಾರ ಷರತ್ತುಗಳ ಮೇಲೆ ಅನುಮತಿ ಕೊಡಬಹುದು ಅನ್ನುತ್ತದೆ. ಆ ಷರತ್ತುಗಳಲ್ಲಿ ಹೆಸರು ಹಿಡಿದು ಹೇಳಿರುವುದು ಒಂದನ್ನೇ: ಶುಲ್ಕ. ಒಮ್ಮೆ ಕಟ್ಟುವ ಶುಲ್ಕ ಮತ್ತು ಮತ್ತೆ ಮತ್ತೆ ಕಟ್ಟುವ ಶುಲ್ಕ. ಮಾಲೀಕ ಯಾರು, ಅವನ ಬಂಡವಾಳ ಎಲ್ಲಿಂದ ಬಂತು, ಚಕ್ರ ಸರಿಯಾಗಿ ತಿರುಗುತ್ತದೆಯೇ, ಸೋತು ಸುಣ್ಣವಾದವನಿಗೆ ಇನ್ನು ಸಾಕು ಅನ್ನುವವರು ಯಾರು, ಇವೆಲ್ಲ ಆ ಕಲಮಿನಲ್ಲಿ ಇಲ್ಲ.

ಹಡಗು ಅಂದಮೇಲೆ ಸಮುದ್ರದಲ್ಲಿ ಇರುತ್ತದೆ ಅಂತ ಅನಿಸುತ್ತದೆ. ಪಣಜಿಗೆ ಹೋದವರಿಗೆ ಗೊತ್ತು, ಅವು ನದಿಯಲ್ಲೇ ಲಂಗರು ಹಾಕಿ ನಿಂತಿವೆ. ಪಣಜಿಯ ದಡದಿಂದ ಸಣ್ಣ ದೋಣಿಯಲ್ಲಿ ಕೆಲವೇ ನಿಮಿಷ. ಬೇರೆ ಕಡೆ ಸ್ಥಳಾಂತರಿಸುತ್ತೇವೆ ಅಂತ ಒಂದಾದ ಮೇಲೊಂದು ಸರ್ಕಾರ ಹೇಳಿದೆ. ಪ್ರತಿ ಸಲವೂ ಮಾಂಡೋವಿಯಲ್ಲಿ ಉಳಿಯಲು ಅವಧಿ ವಿಸ್ತರಣೆ ಸಿಕ್ಕಿದೆ.

ಇನ್ನು ನನ್ನನ್ನು ಜಾಸ್ತಿ ಕಾಡಿದ ವಿಷಯ. 2012ರಲ್ಲಿ ಗೋವಾ ತನ್ನ ಕಾನೂನಿಗೆ ತಿದ್ದುಪಡಿ ತಂದು ಸ್ಥಳೀಯರಿಗೆ ಕ್ಯಾಸಿನೊ ಪ್ರವೇಶ ಇಲ್ಲ, ಪ್ರವಾಸಿಗರಿಗೆ ಮಾತ್ರ ಅಂತ ಮಾಡಿತು. ಅದು ನಿಜವಾಗಿ ಜಾರಿಗೆ ಬಂದದ್ದು 2020ರ ಫೆಬ್ರುವರಿ 1ರಂದು. 21 ವರ್ಷ ಆಗದವರಿಗೂ ಪ್ರವೇಶ ಇಲ್ಲ. ತನ್ನ ಜನರನ್ನು ಉಳಿಸಿಕೊಳ್ಳಬೇಕು ಅಂತ ಒಂದು ರಾಜ್ಯಕ್ಕೆ ಅನಿಸಿದ್ದು ತಪ್ಪಲ್ಲ. ನಾನು ಅದನ್ನು ಗೌರವಿಸುತ್ತೇನೆ. ಆದರೆ ಆ ಒಂದು ನಿಯಮ ಬಹಳ ದೊಡ್ಡ ಮಾತನ್ನು ಒಪ್ಪಿಕೊಂಡಿದೆ. ಈ ಆಟದಿಂದ ಮನೆಗಳು ಹಾಳಾಗುತ್ತವೆ ಅಂತ ಸರ್ಕಾರಕ್ಕೆ ಗೊತ್ತು. ಗೊತ್ತಿದ್ದೂ ಶುಲ್ಕ ಪಡೆಯುತ್ತದೆ, ಹಾಳಾಗುವ ಮನೆ ಬೇರೆ ರಾಜ್ಯದ್ದು ಆಗಿದ್ದರೆ ಸಾಕು. ಹುಬ್ಬಳ್ಳಿಯ ಹುಡುಗನ ಆಧಾರ್ ಕಾರ್ಡ್‌ನಲ್ಲಿ ಕರ್ನಾಟಕದ ವಿಳಾಸ ಇರುವುದೇ ಅವನಿಗೆ ಪ್ರವೇಶದ ಅರ್ಹತೆ.

2020ರ ಅದೇ ಸಮಯದಲ್ಲಿ ಗೋವಾ ಒಬ್ಬ ಗೇಮಿಂಗ್ ಕಮಿಷನರ್‌ರನ್ನೂ ನೇಮಿಸಿತು. ಯಾರನ್ನು? ವಾಣಿಜ್ಯ ತೆರಿಗೆ ಕಮಿಷನರ್‌ರನ್ನೇ. ತೆರಿಗೆ ಇಲಾಖೆಯ ಜೊತೆ ದಿನಾ ಕೆಲಸ ಮಾಡುವವನಾಗಿ ಹೇಳುತ್ತೇನೆ, ಅಲ್ಲಿ ಶ್ರದ್ಧೆಯ ಅಧಿಕಾರಿಗಳು ಬೇಕಾದಷ್ಟು ಇದ್ದಾರೆ. ಆದರೆ ಆ ಹುದ್ದೆಯ ಗುರಿ ವಸೂಲಿ. ವಸೂಲಿ ಹೆಚ್ಚಾಗಲಿ ಅಂತ ಕೆಲಸ ಮಾಡುವವರಿಗೇ, ಆಟ ಅತಿಯಾಗದಂತೆ ನೋಡಿಕೊಳ್ಳಿ ಅಂತಲೂ ಹೇಳಿದರೆ ಎರಡನೆಯದು ಹಿಂದೆ ಬೀಳುತ್ತದೆ. ಇದು ವ್ಯಕ್ತಿಯ ದೋಷ ಅಲ್ಲ, ವ್ಯವಸ್ಥೆ ಕಟ್ಟಿದ ರೀತಿಯ ದೋಷ.

ಕೋವಿಡ್ ಕಾಲದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕ್ಯಾಸಿನೊಗಳು ನವೆಂಬರ್ 1ಕ್ಕೆ ಮತ್ತೆ ತೆರೆದವು. ಮುಚ್ಚಿದ್ದ ತಿಂಗಳುಗಳ ಶುಲ್ಕ ಕೊಡಬೇಕೋ ಬೇಡವೋ ಅನ್ನುವ ಜಗಳ ಹೈಕೋರ್ಟಿಗೆ ಹೋಯಿತು. ಇಷ್ಟು ದೊಡ್ಡ ಕಾನೂನು ಹೋರಾಟ ಯಾವುದರ ಬಗ್ಗೆ ನಡೆಯಿತು ನೋಡಿ. ಶುಲ್ಕದ ಬಗ್ಗೆ.

ಹಳೆಯ ಕಾಲದ ರಾಜ್ಯಗಳೂ ಜೂಜಿನಿಂದ ಹಣ ಪಡೆದಿವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಬರುತ್ತಾನೆ. ಜೂಜು ಒಂದೇ ಕಡೆ ನಡೆಯಬೇಕು, ಬೇರೆ ಕಡೆ ಆಡಿದವರಿಗೆ 12 ಪಣ ದಂಡ. ಗೆದ್ದವನಿಂದ ನೂರಕ್ಕೆ ಐದು ಪಾಲು ರಾಜ್ಯಕ್ಕೆ. ದಾಳಕ್ಕೆ ಬಾಡಿಗೆ, ಜಾಗಕ್ಕೆ, ನೀರಿಗೆ ಬೇರೆ ಹಣ, ಅದರ ಜೊತೆ ಪರವಾನಗಿಯ ಶುಲ್ಕ. ಇವತ್ತಿನ ಅಧಿಸೂಚನೆಯ ಹಾಗೇ ಇದೆ ಅಲ್ವಾ? ಆದರೆ ಒಂದು ವ್ಯತ್ಯಾಸ ಇದೆ. ಮೋಸ ಇಲ್ಲದ ದಾಳವನ್ನು ಆಟಗಾರರಿಗೆ ಕೊಡುವ ಜವಾಬ್ದಾರಿ ಆ ಅಧಿಕಾರಿಯದೇ. ದಾಳ ಬದಲಿಸಿದವನಿಗೆ ದಂಡ. ಹಣ ಪಡೆಯುವ ಅಧಿಕಾರಿಯೇ ಆಟದ ಪ್ರಾಮಾಣಿಕತೆಗೂ ಹೊಣೆ. ಶುಲ್ಕ ಮತ್ತು ಹೊಣೆ ಒಂದೇ ಪುಟದಲ್ಲಿ ಇದ್ದವು.

ಅಮೆರಿಕದಲ್ಲಿ ನೆವಾಡಾ ರಾಜ್ಯ 1931ರಲ್ಲಿ ಜೂಜನ್ನು ಕಾನೂನುಬದ್ಧ ಮಾಡಿತು. ಮೊದಮೊದಲು ಅಲ್ಲೂ ಶುಲ್ಕವೇ ಮುಖ್ಯ. ಅದರ ಫಲವಾಗಿ ಲಾಸ್ ವೇಗಸ್‌ಗೆ ಗ್ಯಾಂಗ್‌ಸ್ಟರ್‌ಗಳ ಹಣ ಹರಿದು ಬಂತು. ಅದರಿಂದ ಪಾಠ ಕಲಿತು 1955ರಲ್ಲಿ ಗೇಮಿಂಗ್ ಕಂಟ್ರೋಲ್ ಬೋರ್ಡ್, 1959ರಲ್ಲಿ ಗೇಮಿಂಗ್ ಕಮಿಷನ್ ಕಟ್ಟಿದರು. ಬೋರ್ಡ್ ತನಿಖೆ ಮಾಡುತ್ತದೆ, ಕಮಿಷನ್ ತೀರ್ಮಾನ ಕೊಡುತ್ತದೆ. ಒಬ್ಬರೇ ಎರಡನ್ನೂ ಮಾಡುವ ಹಾಗಿಲ್ಲ. ಲೈಸೆನ್ಸ್ ಕೇಳುವವನ ಹಣ, ಸಾಲ, ಪಾಲುದಾರರು, ಹಳೆಯ ವ್ಯವಹಾರ ಎಲ್ಲವನ್ನೂ ಬಗೆದು ನೋಡುತ್ತಾರೆ. ಆ ತನಿಖೆಯ ಖರ್ಚನ್ನೂ ಅರ್ಜಿ ಹಾಕಿದವನೇ ಕೊಡಬೇಕು. ತಾನು ಯೋಗ್ಯ ಅಂತ ಸಾಬೀತು ಮಾಡುವ ಭಾರವೂ ಅವನದೇ. ನನಗೆ ಬಹಳ ಇಷ್ಟವಾದ ನಿಯಮ ಇದು. ನಮ್ಮಲ್ಲಿ ಒಬ್ಬ ಸಣ್ಣ ವ್ಯಾಪಾರಿ ಬ್ಯಾಂಕಿನಲ್ಲಿ ಐದು ಲಕ್ಷ ಸಾಲ ಕೇಳಿದರೂ ಮೂರು ವರ್ಷದ ಲೆಕ್ಕ ತೋರಿಸಬೇಕು. ಜನರ ಹಣ ನುಂಗುವ ಯಂತ್ರ ಇಡುವವನನ್ನು ಅದಕ್ಕಿಂತ ಗಟ್ಟಿಯಾಗಿ ಪರೀಕ್ಷಿಸಬೇಕಲ್ಲವೇ?

ನೆವಾಡಾದ ಶುಲ್ಕದ ರೀತಿಯೂ ಬೇರೆ. ಜನ ಹಿಡಿಯುವ ಲೆಕ್ಕ ಅಲ್ಲ, ಆಟದಿಂದ ಕ್ಯಾಸಿನೊಗೆ ಉಳಿದ ಹಣದ ಮೇಲೆ ತಿಂಗಳ ಶುಲ್ಕ. ತಿಂಗಳಿಗೆ ಮೊದಲ 50,000 ಡಾಲರ್‌ಗೆ 3.5 ಪರ್ಸೆಂಟ್, ಮುಂದಿನ 84,000ಕ್ಕೆ 4.5, ಅದರ ಮೇಲಿನದಕ್ಕೆಲ್ಲ 6.75. ಅದರ ಜೊತೆ ಪ್ರತಿ ಯಂತ್ರಕ್ಕೆ, ಪ್ರತಿ ಮೇಜಿಗೆ ಬೇರೆ ಶುಲ್ಕ. ಇದರ ಒಂದು ಪರಿಣಾಮ ನೋಡಿ. ಸಂಪಾದನೆ ಕಡಿಮೆಯಾದ ತಿಂಗಳು ಶುಲ್ಕವೂ ಕಡಿಮೆ. ಹಾಗಾಗಿ ಖಾಲಿ ದಿನಗಳಲ್ಲಿ ಹೇಗಾದರೂ ಮಾಡಿ ಜನರನ್ನು ಎಳೆದು ತರಲೇಬೇಕು ಅನ್ನುವ ಒತ್ತಡ ಅಷ್ಟು ಇರುವುದಿಲ್ಲ. ಇನ್ನೊಂದು, ಶುಲ್ಕ ಸರಿಯಾಗಿ ಸಿಗಬೇಕಾದರೆ ಸರ್ಕಾರ ಪ್ರತಿ ಮೇಜಿನ ಲೆಕ್ಕವನ್ನೂ ನೋಡಲೇಬೇಕು. ಲೆಕ್ಕ ನೋಡಲು ಹೋದವನಿಗೆ ಒಳಗೆ ಏನು ನಡೆಯುತ್ತಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಒಟ್ಟು ಇಷ್ಟು ಕೋಟಿ ಅಂತ ಕಟ್ಟಿಸಿಕೊಂಡರೆ ಒಳಗೆ ಇಣುಕುವ ಅಗತ್ಯವೇ ಬೀಳುವುದಿಲ್ಲ. ಯಂತ್ರಗಳ ವಿಷಯದಲ್ಲೂ ಹಾಗೇ. ಸ್ಲಾಟ್ ಮೆಷಿನ್ ಆಡಿದ ಹಣದಲ್ಲಿ ಕನಿಷ್ಠ 75 ಪರ್ಸೆಂಟ್ ಹಿಂದಿರುಗಿಸುವಂತೆ ಇರಬೇಕು ಅಂತ ನೆವಾಡಾದ ನಿಯಮ. ನ್ಯೂಜೆರ್ಸಿಯಲ್ಲಿ 83.

ನೆವಾಡಾವನ್ನು ನಾನು ಆದರ್ಶ ಅಂತ ಹೇಳುತ್ತಿಲ್ಲ. ಜೂಜಿನ ಮೇಲೇ ನಿಂತ ರಾಜ್ಯ ಅದು. ನಮಗೆ ಹತ್ತಿರದ ಹೋಲಿಕೆ ಬೇಕಾದರೆ ಅಮೆರಿಕದ್ದೇ ಅಯೋವಾ ಮತ್ತು ಮಿಸೌರಿ ರಾಜ್ಯಗಳನ್ನು ನೋಡಬೇಕು. ಅಲ್ಲೂ ನದಿ, ಅಲ್ಲೂ ಹಡಗು. ಅಯೋವಾ 1989ರಲ್ಲಿ ಕಾನೂನು ಮಾಡಿ 1991ರಲ್ಲಿ ಮಿಸಿಸಿಪ್ಪಿ ನದಿಯಲ್ಲಿ ಕ್ಯಾಸಿನೊ ದೋಣಿಗಳನ್ನು ಬಿಟ್ಟಿತು. ಆದರೆ ಎಷ್ಟು ಎಚ್ಚರಿಕೆಯಿಂದ! ಒಂದು ಬಾಜಿಗೆ 5 ಡಾಲರ್ ಮಿತಿ. ಒಂದು ಪ್ರಯಾಣದಲ್ಲಿ ಒಬ್ಬನು 200 ಡಾಲರ್‌ಗಿಂತ ಜಾಸ್ತಿ ಸೋಲುವ ಹಾಗಿಲ್ಲ. ಆಮೇಲೆ ನದಿಯ ಆಚೆ ದಡದ ಇಲಿನಾಯ್ ರಾಜ್ಯ ಯಾವ ಮಿತಿಯೂ ಇಲ್ಲದೆ ದೋಣಿ ತಂದಿತು. ಗಿರಾಕಿಗಳು ಆಚೆ ಹೋದರು. 1994ರಲ್ಲಿ ಅಯೋವಾ ತನ್ನ ಮಿತಿಗಳನ್ನು ತೆಗೆದುಹಾಕಿತು. ಮಿಸೌರಿ ಎರಡು ಗಂಟೆಗೆ 500 ಡಾಲರ್ ನಷ್ಟದ ಮಿತಿಯನ್ನು 2008ರವರೆಗೆ ಉಳಿಸಿಕೊಂಡಿತ್ತು. ಪಕ್ಕದ ರಾಜ್ಯದ ಪೈಪೋಟಿಯ ಮಾತು ಅಲ್ಲೂ ಬಂತು, ಜನರ ಮತಕ್ಕೆ ಹಾಕಿ ಅದನ್ನೂ ತೆಗೆದರು. ಪಕ್ಕದ ರಾಜ್ಯ ಸಡಿಲ ಇದ್ದರೆ ಬಿಗಿ ಇರುವ ರಾಜ್ಯವೂ ಉಳಿಯುವುದು ಕಷ್ಟ.

ಅದಕ್ಕೇ ನಮ್ಮ ರಾಜ್ಯದಲ್ಲೂ ಕ್ಯಾಸಿನೊ ತೆರೆಯೋಣ, ನಮ್ಮ ಹಣ ನಮ್ಮಲ್ಲೇ ಉಳಿಯಲಿ ಅನ್ನುವ ಮಾತು ಬಂದಾಗ ನನಗೆ ಭಯ ಆಗುತ್ತದೆ. 2020ರಲ್ಲಿ ಈ ಮಾತು ಸರ್ಕಾರದ ಒಳಗಿನಿಂದಲೇ ಬಂದಿತ್ತು, ವಿರೋಧ ಬಂದ ಮೇಲೆ ತಣ್ಣಗಾಯಿತು. ನಮ್ಮಲ್ಲಿ 1963ರ ಪೊಲೀಸ್ ಕಾಯ್ದೆ ಜೂಜುಕಟ್ಟೆಗಳನ್ನು ತಡೆಯುತ್ತದೆ. 2007ರಲ್ಲಿ ಲಾಟರಿ ನಿಲ್ಲಿಸಿದ್ದೇವೆ. ಆ ಲಾಟರಿ ದಿನಗಳಲ್ಲಿ ಹುಬ್ಬಳ್ಳಿಯ ಬಸ್ ನಿಲ್ದಾಣದ ಸುತ್ತ ಕೂಲಿಯವರು ದಿನದ ದುಡಿಮೆ ಕೊಟ್ಟು ಚೀಟಿ ಕೊಳ್ಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಮಹಾರಾಷ್ಟ್ರವನ್ನು ನೋಡಿ. ಗೋವಾ ಕಾನೂನು ಬಂದ ಅದೇ 1976ರಲ್ಲಿ ಅವರೂ ಕ್ಯಾಸಿನೊ ನಿಯಂತ್ರಣ ಮತ್ತು ತೆರಿಗೆ ಕಾಯ್ದೆ ಮಾಡಿದರು. ಆದರೆ ಅದನ್ನು ಜಾರಿಗೆ ತರಲೇ ಇಲ್ಲ. ಕೊನೆಗೆ 2023ರಲ್ಲಿ ರದ್ದು ಮಾಡಿದರು. ಸಿಕ್ಕಿಂ 2002ರಲ್ಲಿ ಕಾನೂನು ಮಾಡಿ ಗ್ಯಾಂಗ್ಟಾಕ್‌ನಲ್ಲಿ ಕ್ಯಾಸಿನೊ ತೆರೆಯಿತು. ಮಹಾರಾಷ್ಟ್ರ ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ.

ಈಗ ಒಂದು ಹಳೆಯ ಕೇಸು. ಇದನ್ನು ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು, ಯಾಕೆಂದರೆ ಇಡೀ ದೇಶದ ಜೂಜು ಕಾನೂನಿಗೆ ಬುನಾದಿಯಾದ ತೀರ್ಪು ಹುಟ್ಟಿದ್ದು ನಮ್ಮ ಬೆಂಗಳೂರಿನ ಒಂದು ಪತ್ರಿಕೆಯಿಂದ. 1950ರ ದಶಕದಲ್ಲಿ ಬೆಂಗಳೂರಿನಿಂದ 'ಸ್ಪೋರ್ಟಿಂಗ್ ಸ್ಟಾರ್' ಅನ್ನುವ ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಆರ್‌ಎಂಡಿಸಿ ಅನ್ನುವ ಕಂಪನಿಯ ಪದಬಂಧ ಸ್ಪರ್ಧೆ, ಹಣ ಕಟ್ಟಿ ಆಡುವುದು, ಬಹುಮಾನ ದೊಡ್ಡದು. ಮೈಸೂರು ಸರ್ಕಾರ 1951ರಲ್ಲೇ ಇಂಥ ಸ್ಪರ್ಧೆಗಳಿಗೆ ಲೈಸೆನ್ಸ್ ಮತ್ತು ತೆರಿಗೆಯ ಕಾನೂನು ಮಾಡಿತ್ತು. ಆದರೆ ಪತ್ರಿಕೆ ಬೊಂಬಾಯಿ ರಾಜ್ಯದಲ್ಲೂ ಬಹಳ ಮಾರಾಟವಾಗುತ್ತಿತ್ತು. ಅಲ್ಲಿನ ಜನ ಅಲ್ಲಿಂದಲೇ ಹಣ ಕಟ್ಟುತ್ತಿದ್ದರು. ಬೊಂಬಾಯಿ ಸರ್ಕಾರ ತನ್ನ ಕಾನೂನು ತಿದ್ದಿ, ಹೊರಗೆ ಅಚ್ಚಾದ ಪತ್ರಿಕೆಯಾದರೂ ನಮ್ಮ ಜನ ಆಡುತ್ತಿದ್ದಾರೆ, ನಮಗೂ ಲೈಸೆನ್ಸ್ ಬೇಕು, ತೆರಿಗೆ ಬೇಕು ಅಂದಿತು. ಚಮರ್‌ಬಾಗ್‌ವಾಲಾ ಕೇಸು ಅಂತ ಪ್ರಸಿದ್ಧವಾದ ಇದರಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್ ಬೊಂಬಾಯಿಯ ಪರ ತೀರ್ಪು ಕೊಟ್ಟಿತು.

ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದ ಆ ತೀರ್ಪಿನಲ್ಲಿ ಎರಡು ಮಾತು ಇವೆ. ಒಂದು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರ ಅಲ್ಲ. ಅದನ್ನು ನಡೆಸುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ಲೈಸೆನ್ಸ್ ಅನ್ನುವುದು ಸರ್ಕಾರ ಕೊಡುವ ಅನುಮತಿ ಮಾತ್ರ, ಎಷ್ಟು ಕಠಿಣ ಷರತ್ತು ಬೇಕಾದರೂ ಹಾಕಬಹುದು. ಎರಡು, ಜೂಜು ನಡೆಸುವವನು ಬೇರೆ ರಾಜ್ಯದಲ್ಲಿ ಕೂತಿದ್ದರೂ, ಆಡುವ ಜನರ ರಾಜ್ಯಕ್ಕೆ ಅದರ ಮೇಲೆ ಸಾಕಷ್ಟು ಸಂಬಂಧ ಇದೆ.

ಮೊದಲನೆಯ ಮಾತನ್ನು ಎಲ್ಲರೂ ನೆನಪಿಡುತ್ತಾರೆ. ನನಗೆ ಎರಡನೆಯದು ಮುಖ್ಯ. ಅವತ್ತು ಬೆಂಗಳೂರಿನ ಆಟಕ್ಕೆ ಬೊಂಬಾಯಿಯ ಮನೆಗಳ ಹಣ ಹೋಗುತ್ತಿತ್ತು. ಇವತ್ತು ಪಣಜಿಯ ಆಟಕ್ಕೆ ನಮ್ಮ ಮನೆಗಳ ಹಣ ಹೋಗುತ್ತಿದೆ. ವ್ಯತ್ಯಾಸ ಒಂದೇ, ಅವತ್ತು ಆಟ ಜನರ ಮನೆಗೆ ಬಂದಿತ್ತು, ಇವತ್ತು ಜನ ಆಟದ ಹತ್ತಿರ ಹೋಗುತ್ತಾರೆ. ಕಾನೂನಿನ ಕಣ್ಣಿಗೆ ಆ ವ್ಯತ್ಯಾಸ ದೊಡ್ಡದು. ಆಟ ಗೋವಾದಲ್ಲಿ ನಡೆಯುವುದರಿಂದ ಲೈಸೆನ್ಸ್ ಶುಲ್ಕವೂ ಗೋವಾಕ್ಕೆ, ಜಿಎಸ್‌ಟಿಯಲ್ಲಿ ರಾಜ್ಯದ ಪಾಲೂ ಗೋವಾಕ್ಕೆ. ಸಾಲ, ಮಾರಿದ ನಿವೇಶನ, ಅಡವಿಟ್ಟ ಬಂಗಾರ ಮಾತ್ರ ಹುಬ್ಬಳ್ಳಿಗೆ.

ಜಿಎಸ್‌ಟಿಯ ಮಾತು ಬಂದದ್ದರಿಂದ ಅದನ್ನೂ ಹೇಳುತ್ತೇನೆ, ಯಾಕೆಂದರೆ ಹೋಗುವವರಿಗೆ ಇದು ಗೊತ್ತಿರಬೇಕು. 2023ರ ಅಕ್ಟೋಬರ್ 1ರಿಂದ ಚಿಪ್ಸ್ (ಹಣ ಕೊಟ್ಟು ಪಡೆದು ಆಡುವ ಬಿಲ್ಲೆ) ಕೊಳ್ಳುವ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್ ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು 40 ಆಗಿದೆ. 10,000 ರೂಪಾಯಿಯ ಚಿಪ್ಸ್‌ಗೆ 4,000 ತೆರಿಗೆ. ಗೆದ್ದ ಹಣದಿಂದಲೇ ಮತ್ತೆ ಆಡಿದರೆ ಅದಕ್ಕೆ ಮತ್ತೆ ತೆರಿಗೆ ಇಲ್ಲ. ಆದರೆ ಮನಸ್ಸು ಬದಲಾಗಿ ಚಿಪ್ಸ್ ವಾಪಸ್ ಕೊಟ್ಟರೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಅಂದರೆ ಮೇಜಿನ ಹತ್ತಿರ ಹೋಗುವ ಮೊದಲೇ ದೊಡ್ಡ ಸೋಲು ಆಗಿರುತ್ತದೆ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಯ ಮನೆಯಲ್ಲಿ ನಿಲ್ಲುತ್ತದೆ ಅಂತ ಹಣ ಕಟ್ಟುವ ಆಟ. ಒಂದು ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ 37 ಮನೆ, ಸರಿಯಾದ ಸಂಖ್ಯೆಗೆ ಒಂದಕ್ಕೆ 35 ಕೊಡುತ್ತಾರೆ. ಅಲ್ಲಿ ಕ್ಯಾಸಿನೊದ ಪಾಲು ಪ್ರತಿ ಸುತ್ತಿಗೆ 2.7 ಪರ್ಸೆಂಟ್. ಕೇಳಲು ಸಣ್ಣದು. ರಾತ್ರಿಯಿಡೀ ಅದೇ ಹಣ ಮತ್ತೆ ಮತ್ತೆ ಸುತ್ತಿದರೆ ಆ ಸಣ್ಣದು ಬಂಡವಾಳವನ್ನೇ ತಿನ್ನುತ್ತದೆ. ಈ ತೆರಿಗೆ ಹೋಗುವವರನ್ನು ತಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ. ಮೊದಲ ಸಲ ಹೋಗುವವನನ್ನು ತಡೆಯಬಹುದು. ಸಾಲ ತೀರಿಸಲು ಆಡುವ ಮಟ್ಟಕ್ಕೆ ಬಂದವನನ್ನು ತಡೆಯುವುದಿಲ್ಲ. ಅವನ ಸೋಲನ್ನು ಬೇಗ ಮಾಡುತ್ತದೆ.

ಮತ್ತೆ ಆ ತಾಯಿಯ ಪ್ರಶ್ನೆ. ಹೆಸರು ಬರೆಸಲು ಬರುತ್ತದೆಯೇ? ಸಿಂಗಪುರದಲ್ಲಿ ಬರುತ್ತದೆ. ಅಲ್ಲಿ 2006ರ ಕಾನೂನು ಮಾಡುವಾಗಲೇ ಇದನ್ನು ಸೇರಿಸಿದರು. ತನ್ನನ್ನು ಒಳಗೆ ಬಿಡಬೇಡಿ ಅಂತ ವ್ಯಕ್ತಿಯೇ ಅರ್ಜಿ ಕೊಡಬಹುದು. ಹೆಂಡತಿ, ತಂದೆ ತಾಯಿ, ಮಕ್ಕಳು ಕೂಡ ಅರ್ಜಿ ಕೊಡಬಹುದು. ದಿವಾಳಿಯಾದವರಿಗೆ, ಸರ್ಕಾರದ ಸಹಾಯಧನದ ಮೇಲೆ ಬದುಕುವವರಿಗೆ ಅರ್ಜಿ ಇಲ್ಲದೆಯೇ ಪ್ರವೇಶ ಬಂದ್. ಅಲ್ಲಿನ ನಾಗರಿಕರು ಮತ್ತು ಕಾಯಂ ನಿವಾಸಿಗಳು ಒಳಗೆ ಹೋಗಬೇಕಾದರೆ 24 ಗಂಟೆಗೆ 150 ಸಿಂಗಪುರ ಡಾಲರ್ ಕೊಡಬೇಕು. ಅಮೆರಿಕದ ಮಿಸೌರಿಯಲ್ಲಿ 1996ರಿಂದಲೇ ತನ್ನ ಹೆಸರನ್ನು ತಾನೇ ಬರೆಸಿ ಎಲ್ಲ ಕ್ಯಾಸಿನೊಗಳಿಂದ ಹೊರಗೆ ಉಳಿಯುವ ಪಟ್ಟಿ ಇದೆ. ಆ ದೇಶದಲ್ಲಿ ಒಂದು ರಾಜ್ಯ ಹೀಗೆ ಮಾಡಿದ್ದು ಅದೇ ಮೊದಲು.

ಇದಕ್ಕೆ ದೊಡ್ಡ ಖರ್ಚು ಬೇಡ. ಗೋವಾದ ಕ್ಯಾಸಿನೊ ಬಾಗಿಲಲ್ಲಿ ಈಗಲೇ ಗುರುತಿನ ಚೀಟಿ ನೋಡುತ್ತಾರೆ, ಗೋವಾದವರನ್ನು ಹಿಂದೆ ಕಳಿಸಬೇಕಲ್ಲ. ಒಂದು ರಾಜ್ಯದ ಎಲ್ಲ ಜನರನ್ನು ಬಾಗಿಲಲ್ಲಿ ಗುರುತಿಸಿ ತಡೆಯಬೇಕು ಅಂತ ನಿಯಮ ಮಾಡಲು ಆಗುತ್ತದೆ ಅಂದರೆ, ಒಂದು ಪಟ್ಟಿಯಲ್ಲಿರುವ ಕೆಲವು ಸಾವಿರ ಜನರನ್ನು ತಡೆಯಲು ಯಾಕೆ ಆಗುವುದಿಲ್ಲ? 40 ಕೋಟಿ ಶುಲ್ಕ ಪಡೆಯುವ ಲೈಸೆನ್ಸ್‌ನಲ್ಲಿ ಈ ಒಂದು ಷರತ್ತು ಸೇರಿಸಿದರೆ ಯಾವ ಮಾಲೀಕನೂ ಕೋರ್ಟಿಗೆ ಹೋಗಿ ಗೆಲ್ಲಲಾರ. 1957ರ ತೀರ್ಪು ಅದನ್ನು ಆಗಲೇ ಹೇಳಿದೆ.

ಆದರೆ ಕೇಳುವವರು ಯಾರು? ಗೋವಾದ ಮತದಾರರಿಗೆ ಇದು ಬೇಕಾಗಿಲ್ಲ, ಅವರಿಗೆ ಪ್ರವೇಶವೇ ಇಲ್ಲ. ಹಾನಿ ಆಗುತ್ತಿರುವ ನಮಗೆ ಅಲ್ಲಿ ಮತ ಇಲ್ಲ. ನದಿಯ ವಿಷಯದಲ್ಲಿ ಹೀಗಿಲ್ಲ ನೋಡಿ. ಪಣಜಿಯ ಮಾಂಡೋವಿ ಅಂದರೆ ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿ. ಆ ನೀರಿಗಾಗಿ ನಮ್ಮ ಭಾಗದ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕೂತರು. ನ್ಯಾಯಾಧಿಕರಣ ಬಂತು, ಎರಡೂ ರಾಜ್ಯದ ವಾದ ಕೇಳಿತು, 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಹಂಚಿಕೆ ಮಾಡಿತು. ಅದೇ ವರ್ಷ ಅದೇ ನದಿಯ ಹಡಗುಗಳ ಶುಲ್ಕ ಏರಿತು. ಅದರ ಬಗ್ಗೆ ಕರ್ನಾಟಕದಿಂದ ಒಂದು ಪತ್ರವೂ ಹೋದ ಸುದ್ದಿಯನ್ನು ನಾನು ಓದಲಿಲ್ಲ.

ಅಕ್ಕಪಕ್ಕದ ರಾಜ್ಯಗಳು ಸೇರಿ ಚರ್ಚಿಸುವ ವಲಯ ಮಂಡಳಿಯಲ್ಲಿ ಮಾತಾಡೋಣ ಅಂದರೆ ಗೋವಾ ಪಶ್ಚಿಮ ವಲಯದಲ್ಲಿದೆ, ನಾವು ದಕ್ಷಿಣ ವಲಯದಲ್ಲಿದ್ದೇವೆ. ಇಬ್ಬರೂ ಮತ ಇಟ್ಟುಕೊಂಡು ಒಂದೇ ಮೇಜಿನಲ್ಲಿ ಕೂರುವ ಜಾಗ ಜಿಎಸ್‌ಟಿ ಕೌನ್ಸಿಲ್. 2023ರಲ್ಲಿ ಕ್ಯಾಸಿನೊ ತೆರಿಗೆಯ ಚರ್ಚೆ ಆದಾಗ ಗೋವಾ ಮತ್ತು ಸಿಕ್ಕಿಂ ತಮ್ಮ ಉದ್ಯಮದ ಪರವಾಗಿ ಗಟ್ಟಿಯಾಗಿ ಮಾತಾಡಿದವು. ಪೂರ್ತಿ ಮೊತ್ತಕ್ಕೆ ಬೇಡ, ಕ್ಯಾಸಿನೊಗೆ ಉಳಿದ ಹಣಕ್ಕೆ ಮಾತ್ರ ತೆರಿಗೆ ಹಾಕಿ ಅಂತ ಕೇಳಿದವು. ಅದು ಅವರ ಹಕ್ಕು. ಮುಂದಿನ ಸಲ ಆ ದರದ ಮಾತು ಬಂದಾಗ ಕರ್ನಾಟಕದ ಸಚಿವರು ಎದ್ದು ನಿಂತು ಒಂದು ಷರತ್ತು ಇಡಬಹುದು: ತೆರಿಗೆಯಲ್ಲಿ ರಿಯಾಯಿತಿ ಬೇಕಾದರೆ ಮೊದಲು ಒಳಗೆ ಬಿಡಬೇಡಿ ಅಂತ ಹೆಸರು ಬರೆಸುವ ಪಟ್ಟಿ ತನ್ನಿ, ಎಲ್ಲ ರಾಜ್ಯದ ಕುಟುಂಬಗಳೂ ಅರ್ಜಿ ಕೊಡುವ ಹಾಗೆ. ಈ ಮಾತನ್ನು ನಾನು ಪತ್ರವಾಗಿ ಬರೆದು ನಮ್ಮ ಭಾಗದ ಶಾಸಕರಿಗೆ ಮತ್ತು ರಾಜ್ಯದ ಹಣಕಾಸು ಇಲಾಖೆಗೆ ಕಳಿಸುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಪಣಜಿಯ ಎಟಿಎಂ ಸಾಲುಗಳಿರುವ ಸ್ಟೇಟ್‌ಮೆಂಟ್ ಇದ್ದರೆ, ಖಾತೆ ಸಂಖ್ಯೆ ಮತ್ತು ಹೆಸರು ಮುಚ್ಚಿ, ನಿಮ್ಮ ಶಾಸಕರಿಗೂ ಒಂದು ಪ್ರತಿ ಕೊಡಿ.